ಆರನ್ ಸ್ವೆಟರ್: ಸಾವಿರ ವರ್ಷದ ಕಥೆ, ನೂರು ವರ್ಷದ ಉಡುಪು



ಇವತ್ತು ಒಂದು ಸ್ವೆಟರ್ ಕಥೆ. ನಗಬೇಡಿ, ಸ್ವೆಟರ್‌ಗೂ ಇತಿಹಾಸ ಇದೆ. ಈ ಸ್ವೆಟರ್‌ಗಂತೂ ಎರಡೆರಡು ಇತಿಹಾಸ. ಒಂದು ಅಂಗಡಿಯವರು ಹೇಳೋದು, ಇನ್ನೊಂದು ನಡೆದದ್ದು.

2019ರಲ್ಲಿ ಬಂದ ‘ನೈವ್ಸ್ ಔಟ್’ ಸಿನಿಮಾ ನೋಡಿದ್ದರೆ, ಕ್ರಿಸ್ ಇವಾನ್ಸ್ ಹಾಕಿಕೊಂಡಿದ್ದ ಕೆನೆಬಣ್ಣದ ದಪ್ಪ ಸ್ವೆಟರ್ ನಿಮಗೆ ನೆನಪಿರುತ್ತೆ. ಎದೆಯ ಮೇಲೆಲ್ಲ ಹಗ್ಗ ಹೊಸೆದು ಅಂಟಿಸಿದ ಹಾಗೆ ಉಬ್ಬಿದ ವಿನ್ಯಾಸ. ಸೋಷಿಯಲ್ ಮೀಡಿಯಾದಲ್ಲಿ ಆ ಸ್ವೆಟರ್ ಬಗ್ಗೆಯೇ ದೊಡ್ಡ ಚರ್ಚೆ ನಡೆದಿತ್ತು. ಆ ಶೈಲಿಗೆ ಆರನ್ ಸ್ವೆಟರ್ ಅಂತ ಹೆಸರು. ಅದರ ಊರು ಐರ್ಲೆಂಡಿನ ಪಶ್ಚಿಮ ತೀರದ ಮೂರು ಪುಟ್ಟ ದ್ವೀಪಗಳು.

ಅಂಗಡಿಯಲ್ಲಿ ಸಿಗುವ ಕಥೆ

ಐರ್ಲೆಂಡಿನ ಯಾವುದಾದರೂ ಪ್ರವಾಸಿ ಅಂಗಡಿಗೆ ಹೋಗಿ, ಅಥವಾ ಆನ್‌ಲೈನಲ್ಲಿ ಹುಡುಕಿ. ಸ್ವೆಟರ್ ಜೊತೆಗೆ ಒಂದು ಕಥೆ ಉಚಿತವಾಗಿ ಸಿಗುತ್ತೆ. ಅದು ಹೆಚ್ಚು ಕಡಿಮೆ ಹೀಗಿರುತ್ತೆ: ಆರನ್ ದ್ವೀಪದ ಮೀನುಗಾರರು ಸಾವಿರಾರು ವರ್ಷಗಳಿಂದ ಈ ಸ್ವೆಟರ್ ಹಾಕ್ತಾ ಇದ್ದಾರೆ. ಒಂದೊಂದು ಮನೆತನಕ್ಕೂ ಒಂದೊಂದು ವಿನ್ಯಾಸ. ಯಾಕಂದ್ರೆ ಅಲ್ಲಿನ ಸಮುದ್ರ ಕ್ರೂರಿ. ಮುಳುಗಿದವನ ದೇಹ ವಾರಗಳಾದ ಮೇಲೆ ದೂರದ ಯಾವುದೋ ದಡಕ್ಕೆ ಬಂದು ಬೀಳುತ್ತೆ, ಮುಖ ಗುರುತು ಸಿಗೋದಿಲ್ಲ. ಆಗ ಸ್ವೆಟರ್ ನೋಡಿ ಇವನು ಇಂಥ ಮನೆಯ ಮಗ ಅಂತ ಹೇಳ್ತಿದ್ರು.

ಇದರ ಜೊತೆಗೆ ಪ್ರತಿ ವಿನ್ಯಾಸಕ್ಕೂ ಒಂದು ಅರ್ಥ. ಹೊಸೆದ ಹಗ್ಗದಂಥ ಕೇಬಲ್ ಅಂದ್ರೆ ಮೀನುಗಾರನ ಹಗ್ಗ. ವಜ್ರದ ಆಕಾರ ಅಂದ್ರೆ ದ್ವೀಪದ ಪುಟ್ಟ ಹೊಲ. ಜೇನುಗೂಡು ಅಂದ್ರೆ ಶ್ರಮ. ಅಂಕುಡೊಂಕು ಗೆರೆ ಅಂದ್ರೆ ಸಂಸಾರದ ಏರಿಳಿತ.

ಎಷ್ಟು ಚೆನ್ನಾಗಿದೆ ಅಲ್ವಾ? ತಾಯಿಯೊಬ್ಬಳು ಮಗನ ಬಟ್ಟೆಯನ್ನೇ ಅವನ ಗುರುತಿನ ಚೀಟಿ ಮಾಡಿ ಕಳಿಸ್ತಾಳೆ ಅನ್ನೋ ಚಿತ್ರ ಮನಸ್ಸಿಗೆ ನಾಟುತ್ತೆ. ಆದರೆ ಹೆಣಿಗೆಯ ಇತಿಹಾಸ ಬರೆದವರು ಈ ಕಥೆಯನ್ನು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ನಾವು ಇವತ್ತು ನೋಡುವ ಕೆನೆಬಣ್ಣದ ಆರನ್ ಸ್ವೆಟರ್‌ಗೆ ಸಾವಿರ ವರ್ಷ ಆಗಿಲ್ಲ. ಅದು ಹುಟ್ಟಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಸುಮಾರು ನೂರು ವರ್ಷದ ಉಡುಪು, ಅಷ್ಟೇ.

ಹಾಗಾದ್ರೆ ಸುಳ್ಳು ಯಾರು ಹೇಳಿದ್ರು, ಯಾಕೆ ಹೇಳಿದ್ರು, ನಿಜ ಏನು? ಒಂದೊಂದಾಗಿ ನೋಡೋಣ.

ಕಲ್ಲಿನ ಮೇಲೆ ಬದುಕು

ಮೊದಲು ಜಾಗ ನೋಡಿ. ಗಾಲ್ವೇ ಕೊಲ್ಲಿಯ ಬಾಯಲ್ಲಿ ಮೂರು ದ್ವೀಪ: ಇನಿಶ್ ಮೋರ್, ಇನಿಶ್ ಮಾನ್, ಇನಿಶ್ ಈರ್. ದೊಡ್ಡದು, ನಡುವಿನದು, ಪೂರ್ವದ್ದು. ನೆಲ ಪೂರ್ತಿ ಸುಣ್ಣದ ಕಲ್ಲು. ಮಣ್ಣೇ ಕಡಿಮೆ. ಅಲ್ಲಿನ ಜನ ಸಮುದ್ರದ ಪಾಚಿ ಮತ್ತು ಮರಳನ್ನು ಬೆನ್ನ ಮೇಲೆ ಹೊತ್ತು ತಂದು, ಬಂಡೆಯ ಮೇಲೆ ಹರವಿ, ಮಣ್ಣು ತಾವೇ ತಯಾರಿಸಿ, ಅದರಲ್ಲಿ ಆಲೂಗಡ್ಡೆ ಬೆಳೆದರು. ಗಾಳಿಗೆ ಆ ಮಣ್ಣು ಹಾರಿಹೋಗದಿರಲಿ ಅಂತ ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಮೀನಿಗೆ ಹೋಗೋದು ಕರಾಖ್ ಅನ್ನೋ ಹಗುರ ದೋಣಿಯಲ್ಲಿ. ಮರದ ಪಟ್ಟಿಗಳ ಚೌಕಟ್ಟು, ಅದರ ಮೇಲೆ ಡಾಂಬರು ಬಳಿದ ಕ್ಯಾನ್ವಾಸ್, ಅಷ್ಟೇ. ಅದನ್ನು ಇಟ್ಕೊಂಡು ಅಟ್ಲಾಂಟಿಕ್‌ಗೆ ಇಳಿಯಬೇಕು. ಸಾವು ಅಲ್ಲಿ ನಿಜವಾಗಿಯೂ ಹತ್ತಿರ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1898ರಲ್ಲಿ ಈ ದ್ವೀಪಗಳಿಗೆ ಒಬ್ಬ ಬರಹಗಾರ ಬಂದ. ಹೆಸರು ಜಾನ್ ಮಿಲಿಂಗ್ಟನ್ ಸಿಂಜ್. ಕವಿ ಯೇಟ್ಸ್ ಅವನಿಗೆ ಆರನ್‌ಗೆ ಹೋಗು ಅಂತ ಸಲಹೆ ಕೊಟ್ಟಿದ್ದ. ಸಿಂಜ್ ಮತ್ತೆ ಮತ್ತೆ ಬಂದ, ಐರಿಷ್ ಭಾಷೆ ಕಲಿತ, ಫೋಟೋ ತೆಗೆದ. 1907ರಲ್ಲಿ ದ್ವೀಪಗಳ ಬಗ್ಗೆ ಅವನ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಜನರ ಉಡುಪಿನ ವಿವರ ಇದೆ. ಗಂಡಸರು ಹಾಕುವ ಬಣ್ಣಗಳನ್ನು ಎಣಿಸುತ್ತಾನೆ: ಉಣ್ಣೆಯ ಸಹಜ ಬಣ್ಣ, ನೀಲಿ, ಬೂದು ಫ್ಲಾನೆಲ್. ಹಸಿ ತೊಗಲಿನ ಪಾದರಕ್ಷೆಯ ಬಗ್ಗೆಯೂ ಬರೆಯುತ್ತಾನೆ. ಸ್ವೆಟರ್? ದೊಡ್ಡ ದ್ವೀಪದಲ್ಲಿ ಎಷ್ಟೋ ಯುವಕರು ಮಾಮೂಲಿ ಮೀನುಗಾರರ ಜೆರ್ಸಿ ಹಾಕಲು ಶುರು ಮಾಡಿದ್ದಾರೆ, ಆದರೆ ನಡುವಿನ ದ್ವೀಪದಲ್ಲಿ ಒಂದೇ ಒಂದು ನೋಡಿದೆ ಅಂತಾನೆ.

ಇದು ಗಟ್ಟಿ ಸಾಕ್ಷಿ ಅಂತ ನನಗೆ ಅನ್ನಿಸುತ್ತೆ. ಬಟ್ಟೆಯ ಬಣ್ಣಗಳನ್ನು ಇಷ್ಟು ಗಮನ ಇಟ್ಟು ನೋಡಿದ ಮನುಷ್ಯನ ಕಣ್ಣಿಗೆ, ಸಾವಿರ ವರ್ಷದಿಂದ ಎಲ್ಲರ ಮೈಮೇಲೆ ಇದ್ದ ಉಬ್ಬು ವಿನ್ಯಾಸದ ಬಿಳಿ ಸ್ವೆಟರ್ ಬೀಳದೇ ಇರುತ್ತಾ? ಅದು ಬೀಳಲಿಲ್ಲ, ಯಾಕಂದ್ರೆ ಅದು ಇನ್ನೂ ಹುಟ್ಟಿರಲಿಲ್ಲ. ಜನ ಹಾಕ್ತಿದ್ದದ್ದು ಹೆಚ್ಚಾಗಿ ಮಗ್ಗದಲ್ಲಿ ನೇಯ್ದ ಉಣ್ಣೆ ಬಟ್ಟೆ. ನಮ್ಮ ಕುರುಬರ ಕಂಬಳಿ ಇದೆಯಲ್ಲ, ಅದು ನೇಯ್ಗೆ. ಸ್ವೆಟರ್ ಹೆಣಿಗೆ. ಎರಡೂ ಉಣ್ಣೆಯೇ ಆದರೂ ಕೆಲಸ ಬೇರೆ, ಇತಿಹಾಸವೂ ಬೇರೆ.

ನಾಟಕದ ಒಂದು ಕಾಲುಚೀಲ

ಈಗ ಆ ಮುಳುಗಿದ ಮೀನುಗಾರನ ಕಥೆಗೆ ಬರೋಣ. ಅದರ ಬೇರು ಇರೋದು ಸಿಂಜ್‌ನಲ್ಲೇ.

1904ರಲ್ಲಿ ಡಬ್ಲಿನ್‌ನಲ್ಲಿ ಅವನ ‘ರೈಡರ್ಸ್ ಟು ದಿ ಸೀ’ ನಾಟಕ ಪ್ರದರ್ಶನ ಆಯಿತು. ಒಂದೇ ಅಂಕದ ಪುಟ್ಟ ನಾಟಕ. ಆರನ್ ದ್ವೀಪದ ಒಬ್ಬ ಮುದುಕಿ, ಸಮುದ್ರಕ್ಕೆ ಗಂಡುಮಕ್ಕಳನ್ನೆಲ್ಲ ಕಳ್ಕೊಳ್ಳುವವಳು. ದೂರದ ಡೊನೆಗಲ್ ತೀರದಲ್ಲಿ ಸಿಕ್ಕ ಒಂದು ಹೆಣದ ಬಟ್ಟೆ ಮನೆಗೆ ಬರುತ್ತೆ. ಅದು ಅಣ್ಣನದಾ ಅಲ್ಲವಾ ಅಂತ ಇಬ್ಬರು ಅಕ್ಕತಂಗಿಯರು ಗುಟ್ಟಾಗಿ ಬಿಚ್ಚಿ ನೋಡ್ತಾರೆ. ಅಂಗಿಯ ಬಟ್ಟೆ ನೋಡಿದರೆ ಖಚಿತ ಆಗೋದಿಲ್ಲ. ಆ ಥರದ ಬಟ್ಟೆ ಗಾಲ್ವೇ ಅಂಗಡಿಗಳಲ್ಲಿ ಬೇಕಾದಷ್ಟು. ಕೊನೆಗೆ ತಂಗಿ ಕಾಲುಚೀಲ ತಗೊಂಡು ಕುಣಿಕೆ ಎಣಿಸುತ್ತಾಳೆ. ತಾನೇ ಹೆಣೆದದ್ದು, ಹೆಣೆಯುವಾಗ ನಾಲ್ಕು ಕುಣಿಕೆ ಬಿಟ್ಟಿದ್ದು ಅವಳಿಗೆ ನೆನಪಿದೆ. ಲೆಕ್ಕ ಸರಿ ಬರುತ್ತೆ. ಅಣ್ಣ ಸತ್ತಿದ್ದಾನೆ.

ಗಮನಿಸಿ. ಅಲ್ಲಿ ಸ್ವೆಟರ್ ಇಲ್ಲ, ಮನೆತನದ ವಿನ್ಯಾಸ ಇಲ್ಲ. ಇರೋದು ಒಂದು ಸಾದಾ ಕಾಲುಚೀಲ ಮತ್ತು ಹೆಣೆದವಳ ನೆನಪು. ಕೈಯಲ್ಲಿ ಏನಾದರೂ ಮಾಡಿದವರಿಗೆ ಗೊತ್ತಿರುತ್ತೆ, ನಮ್ಮ ಕೆಲಸದ ಒಂದು ಸಣ್ಣ ಓರೆ ನಮಗೆ ಮಾತ್ರ ಕಾಣುತ್ತೆ. ಸಿಂಜ್ ಹಿಡಿದದ್ದು ಅದನ್ನ. ಡೊನೆಗಲ್ ತೀರಕ್ಕೆ ಬಂದ ಅಪರಿಚಿತನ ಹೆಣದ ಗುರುತು ಹಿಡಿಯಲು ದ್ವೀಪದ ಜನ ದಿನಗಟ್ಟಲೆ ಚರ್ಚೆ ಮಾಡಿದ್ದನ್ನು ಅವನು ತನ್ನ ಪುಸ್ತಕದಲ್ಲೂ ಬರೆದಿದ್ದಾನೆ. ಮನೆತನಕ್ಕೊಂದು ವಿನ್ಯಾಸ ಇದ್ದಿದ್ದರೆ ಅಷ್ಟು ಚರ್ಚೆಯೇ ಬೇಕಿರಲಿಲ್ಲ.

ಮುಂದೆ ಬಂದವರು ಕಾಲುಚೀಲವನ್ನು ಸ್ವೆಟರ್ ಮಾಡಿದರು. ಬಿಟ್ಟುಹೋದ ಕುಣಿಕೆಯನ್ನು ಮನೆತನದ ಲಾಂಛನ ಮಾಡಿದರು. ಮನೆತನದ ವಿನ್ಯಾಸ ಅನ್ನೋ ಐಡಿಯಾಕ್ಕೆ ಪಕ್ಕದಲ್ಲೇ ಒಂದು ಮಾದರಿಯೂ ಇತ್ತು: ಸ್ಕಾಟ್ಲೆಂಡಿನ ಚೌಕಳಿ ಟಾರ್ಟನ್. ಕುಲಕ್ಕೊಂದು ಟಾರ್ಟನ್ ಅನ್ನೋದು ಕೂಡ ಬಹುಪಾಲು ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆದ ಸಂಪ್ರದಾಯ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಸಂಭ್ರಮದಲ್ಲಿ ಅದಕ್ಕೆ ದೊಡ್ಡ ಜೋರು ಸಿಕ್ಕಿತು.

ನೀಲಿ ಜೆರ್ಸಿಯಿಂದ ಬಿಳಿ ಸ್ವೆಟರ್‌ಗೆ

ಸರಿ, ಹಾಗಾದ್ರೆ ಅದು ಹುಟ್ಟಿದ್ದು ಹೇಗೆ?

ಬ್ರಿಟನ್ ಮತ್ತು ಐರ್ಲೆಂಡಿನ ಕಡಲ ತೀರದಲ್ಲಿ ಮೀನುಗಾರರ ನಿಜವಾದ ಸ್ವೆಟರ್ ಅಂದ್ರೆ ಗ್ಯಾನ್ಸಿ. ಇಂಗ್ಲಿಷ್ ಕಾಲುವೆಯ ಗರ್ನ್‌ಸಿ ದ್ವೀಪದ ಹೆಸರಿನಿಂದ ಬಂದ ಪದ. ಸಾಮಾನ್ಯವಾಗಿ ಕಡುನೀಲಿ. ತೆಳುವಾದ, ಬಿಗಿಯಾಗಿ ಹುರಿಮಾಡಿದ ಉಣ್ಣೆ ನೂಲಿನಲ್ಲಿ, ಗಾಳಿ ನುಗ್ಗದಷ್ಟು ಒತ್ತಾಗಿ, ಕೊಳವೆಯ ಹಾಗೆ ಸುತ್ತಲೂ ಹೆಣೆಯುತ್ತಿದ್ದರು. ಎದೆಯ ಮೇಲೆ ಸಣ್ಣ ವಿನ್ಯಾಸ. ಮೀನಿನ ಹಿಂದೆ ಬಂದರಿನಿಂದ ಬಂದರಿಗೆ ಜನ ಅಲೆದ ಹಾಗೆ ವಿನ್ಯಾಸಗಳೂ ಅಲೆದವು. ಹೆರಿಂಗ್ ಮೀನು ಸೀಳಿ ಉಪ್ಪು ಹಾಕುವ ಕೆಲಸಕ್ಕೆ ಊರೂರು ಸುತ್ತುತ್ತಿದ್ದ ಸ್ಕಾಟ್ಲೆಂಡಿನ ಹೆಣ್ಣುಮಕ್ಕಳು ಬಿಡುವಿನಲ್ಲಿ ಹೆಣೆಯುತ್ತಲೇ ಇರುತ್ತಿದ್ದರು. ಒಬ್ಬಳ ಕೈ ನೋಡಿ ಇನ್ನೊಬ್ಬಳು ಕಲಿಯೋದು. ಯೂಟ್ಯೂಬ್ ಇಲ್ಲದ ಕಾಲದ ಟ್ಯುಟೋರಿಯಲ್ ಅದು.

ಆರನ್‌ಗೆ ಇದು ತಲುಪಿದ ಹಿನ್ನೆಲೆಯಲ್ಲಿ ಬಡತನ ಇದೆ, ಸರ್ಕಾರವೂ ಇದೆ. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಮಹಾಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಪಶ್ಚಿಮ ತೀರ ಆಮೇಲೂ ಚೇತರಿಸಿಕೊಳ್ಳಲಿಲ್ಲ. 1891ರಲ್ಲಿ ಬ್ರಿಟಿಷ್ ಸರ್ಕಾರ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಅನ್ನೋ ಮಂಡಳಿ ಮಾಡಿತು. ಆ ಭಾಗದ ಬಡ ಜಿಲ್ಲೆಗಳಲ್ಲಿ ಮೀನುಗಾರಿಕೆ, ಗೃಹ ಕೈಗಾರಿಕೆ ಬೆಳೆಸೋದು ಅದರ ಕೆಲಸ. ಮರುವರ್ಷವೇ ಪೂರ್ವ ತೀರದ ಆರ್ಕ್ಲೊ ಊರಿನ ಮೀನುಗಾರರನ್ನು ದೋಣಿ ಸಮೇತ ಆರನ್ ಕಡೆಗೆ ಕರೆಸಿದರು. ಹೊರಗಿನ ದೋಣಿಗಳು, ಹೊರಗಿನ ಜನ, ಅವರ ಮೈಮೇಲಿನ ಜೆರ್ಸಿಗಳು. ಸಿಂಜ್ ಕಂಡ ಮಾಮೂಲಿ ಜೆರ್ಸಿ ದ್ವೀಪದಲ್ಲಿ ಹರಡಿದ್ದು ಈ ಕಾಲದಲ್ಲೇ.

ಇಲ್ಲಿಂದ ಮುಂದಿನ ಹೆಜ್ಜೆ ದ್ವೀಪದ ಹೆಂಗಸರದ್ದು. ಅವರು ಗ್ಯಾನ್ಸಿಯನ್ನು ನಕಲು ಮಾಡಿ ಸುಮ್ಮನಾಗಲಿಲ್ಲ. ತೆಳು ನೂಲಿನ ಬದಲು ದಪ್ಪ ನೂಲು ತಗೊಂಡರು. ನೀಲಿಯ ಬದಲು ಬಣ್ಣ ಹಾಕದ ಬಿಳಿ ಉಣ್ಣೆ, ಐರಿಷ್‌ನಲ್ಲಿ ಅದಕ್ಕೆ ಬಾನೀನ್ ಅಂತಾರೆ. ಎದೆಯ ಮೇಲಿದ್ದ ಸಣ್ಣ ವಿನ್ಯಾಸವನ್ನು ಕುತ್ತಿಗೆಯಿಂದ ಸೊಂಟದವರೆಗೂ ಇಳಿಸಿದರು. ಅಮೆರಿಕದ ಬಾಸ್ಟನ್‌ಗೆ ಹೋಗಿದ್ದ ಇಬ್ಬರು ದ್ವೀಪದ ಹೆಂಗಸರು ಅಲ್ಲಿ ವಲಸಿಗ ಮಹಿಳೆಯೊಬ್ಬಳಿಂದ ಹೊಸ ವಿನ್ಯಾಸ ಕಲಿತು, ವಾಪಸು ಬಂದು ಊರಲ್ಲಿ ಕಲಿಸಿದರು ಅನ್ನೋ ವಿವರಣೆಯೂ ಇದೆ. ಹೆಣಿಗೆ ವಿನ್ಯಾಸಗಾರ್ತಿ ಆಲಿಸ್ ಸ್ಟಾರ್ಮೋರ್ 1997ರ ತಮ್ಮ ಪುಸ್ತಕದಲ್ಲಿ ಹಳೆಯ ಸ್ವೆಟರ್‌ಗಳನ್ನು ಕುಣಿಕೆ ಕುಣಿಕೆಯಾಗಿ ಪರೀಕ್ಷಿಸಿ, ಇದು ಸ್ಕಾಟ್ಲೆಂಡಿನ ಗ್ಯಾನ್ಸಿಯಿಂದ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆಳೆದು ಬಂದದ್ದು ಅಂತ ವಾದಿಸುತ್ತಾರೆ.

ಆ ಕೆಲಸ ಎಷ್ಟು ಚುರುಕಿನದು ಅಂತ ತಿಳಿಯಲು ಕೇಬಲ್ ಹೇಗೆ ಮಾಡ್ತಾರೆ ನೋಡಿ. ಕಡ್ಡಿಯ ಮೇಲೆ ಕುಣಿಕೆಗಳು ಸಾಲಾಗಿ ಇರ್ತವೆ. ಅದರಲ್ಲಿ ಮೂರೋ ನಾಲ್ಕೋ ಕುಣಿಕೆಯನ್ನು ಇನ್ನೊಂದು ಪುಟ್ಟ ಕಡ್ಡಿಗೆ ಏರಿಸಿ ಮುಂದಕ್ಕೆ ಇಟ್ಕೋಬೇಕು. ಅವುಗಳ ಪಕ್ಕದವನ್ನು ಮೊದಲು ಹೆಣೆದು, ಆಮೇಲೆ ಕಾದಿರಿಸಿದ್ದನ್ನು ಹೆಣೆಯಬೇಕು. ಎರಡು ಗುಂಪು ಜಾಗ ಬದಲಿಸಿದವು, ಹಗ್ಗಕ್ಕೆ ಒಂದು ಹುರಿ ಬಿತ್ತು. ಮುಂದೆ ಇಟ್ಟರೆ ಒಂದು ಕಡೆಗೆ ಹುರಿ, ಹಿಂದೆ ಇಟ್ಟರೆ ಇನ್ನೊಂದು ಕಡೆಗೆ. ಒಂದೇ ಸಾಲಿನಲ್ಲಿ ಕೇಬಲ್, ವಜ್ರ, ಜೇನುಗೂಡು ಮೂರೂ ಬರ್ತವೆ. ಪ್ರತಿಯೊಂದೂ ಬೇರೆ ಬೇರೆ ಸಾಲಿಗೆ ತಿರುಗಬೇಕು. ಹಾಳೆಯ ಮೇಲಿನ ನಕ್ಷೆ ಇಲ್ಲದೆ ಆ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಕೊಂಡು ಹೆಣೆಯುತ್ತಿದ್ದರು. ನನ್ನ ಪ್ರಕಾರ ಅದು ಗಣಿತ.

ಇನ್ನೊಂದು ಮುಖ್ಯ ವಿಷಯ. ಹಳೆಯ ಬಿಳಿ ಸ್ವೆಟರ್‌ಗಳು ಮೀನು ಹಿಡಿಯುವ ಬಟ್ಟೆಯೂ ಅಲ್ಲ. ಡಾಂಬರು ದೋಣಿ, ಮೀನಿನ ರಕ್ತ, ಉಪ್ಪು ನೀರು, ಇಂಥ ಕಡೆ ಯಾರು ಬಿಳಿ ಹಾಕ್ತಾರೆ? ಗಂಡುಹುಡುಗರು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ದಿನ ಬಿಳಿ ಸ್ವೆಟರ್ ಹಾಕ್ತಿದ್ದರು. ಅದು ಹಬ್ಬದ ಉಡುಪು, ಭಾನುವಾರದ ಉಡುಪು. ಅಮ್ಮಂದಿರು ತಮ್ಮ ಕೈಚಳಕವನ್ನೆಲ್ಲ ಊರಿಗೆ ತೋರಿಸುವ ಉಡುಪು.

ಸಾವಿರ ವರ್ಷ ಸೇರಿಸಿದವರು

1930ರಲ್ಲಿ ಮ್ಯೂರಿಯಲ್ ಗಾಹನ್ ಎಂಬ ಮಹಿಳೆ ಡಬ್ಲಿನ್‌ನ ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿ ‘ದಿ ಕಂಟ್ರಿ ಶಾಪ್’ ಅನ್ನೋ ಅಂಗಡಿ ತೆರೆದರು. ಹಳ್ಳಿಯ ಕುಶಲಕರ್ಮಿಗಳ ಕೆಲಸಕ್ಕೆ ನಗರದಲ್ಲಿ ಮಾರುಕಟ್ಟೆ ಸಿಗಲಿ ಅನ್ನೋದು ಅವರ ಉದ್ದೇಶ. ಆರನ್‌ಗೆ ಹೋಗಿ, ಹೆಂಗಸರು ಹೆಣೆದದ್ದನ್ನು ಕೊಂಡು ತಂದು ಮಾರಿದರು. ಹಬ್ಬದ ಉಡುಪು ಹೀಗೆ ಸಂಪಾದನೆಯ ದಾರಿ ಆಯಿತು.

1936ರಲ್ಲಿ ಡಬ್ಲಿನ್‌ನಲ್ಲಿ ಇಂಥ ಒಂದು ಬಿಳಿ ಸ್ವೆಟರ್ ಕೊಂಡವನು ಹೈನ್ಜ್ ಎಡ್ಗರ್ ಕೀವೆ. ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು, ಆಕ್ಸ್‌ಫರ್ಡ್‌ನಲ್ಲಿ ಹೆಣಿಗೆ, ಕಸೂತಿ ಸಾಮಾನುಗಳ ವ್ಯಾಪಾರ ಮಾಡ್ತಿದ್ದವನು. ಅವನಿಗೆ ಆ ವಿನ್ಯಾಸ ನೋಡಿದ ಕೂಡಲೇ ಐರ್ಲೆಂಡಿನ ಪ್ರಸಿದ್ಧ ಹಸ್ತಪ್ರತಿ ‘ಬುಕ್ ಆಫ್ ಕೆಲ್ಸ್’ ನೆನಪಾಯಿತು. ಸುಮಾರು ಕ್ರಿ.ಶ. 800ರ ಆ ಗ್ರಂಥದ ಪುಟಗಳಲ್ಲೂ ಹೆಣೆದ ಗಂಟುಗಳ ಚಿತ್ತಾರ ಇದೆ. ಎರಡೂ ಒಂದೇ ಥರ ಕಾಣುತ್ತೆ, ಆದ್ದರಿಂದ ಎರಡೂ ಒಂದೇ ಕಾಲದ್ದು, ಇವು ಪವಿತ್ರ ಸಂಕೇತಗಳು ಅಂತ ಅವನು ನಿರ್ಧರಿಸಿದ. 1967ರಲ್ಲಿ ಹೆಣಿಗೆಯ ಪವಿತ್ರ ಇತಿಹಾಸ ಅಂತಲೇ ಪುಸ್ತಕ ಬರೆದ.

ಇದಕ್ಕೆ ತಣ್ಣಗೆ ಉತ್ತರ ಕೊಟ್ಟವರು ರಿಚರ್ಡ್ ರಟ್. ಇಂಗ್ಲೆಂಡಿನ ಲೆಸ್ಟರ್‌ನ ಬಿಷಪ್, ಜೊತೆಗೆ ಭಾರೀ ಹೆಣಿಗೆಪ್ರೇಮಿ. 1987ರಲ್ಲಿ ಅವರು ಬರೆದ ಕೈಹೆಣಿಗೆಯ ಇತಿಹಾಸದಲ್ಲಿ ಕೀವೆಯ ವಾದವನ್ನು ಕಳಚಿಟ್ಟರು. ಕಾರಣ ಸರಳ. ಕಡ್ಡಿ ಹೆಣಿಗೆಯ ಹಳೆಯ ತುಂಡುಗಳು ಸಿಕ್ಕಿರೋದು ಈಜಿಪ್ಟ್‌ನಲ್ಲಿ, ಅವು ‘ಬುಕ್ ಆಫ್ ಕೆಲ್ಸ್’ಗಿಂತ ಶತಮಾನಗಳ ಈಚಿನವು. ಇನ್ನು ಕೇಬಲ್ ಉಬ್ಬಿ ಕಾಣಬೇಕಾದರೆ ಅದರ ಹಿನ್ನೆಲೆಗೆ ಪರ್ಲ್ ಅನ್ನೋ ಉಲ್ಟಾ ಕುಣಿಕೆ ಬೇಕು. ಅದರ ಹಳೆಯ ಉದಾಹರಣೆ ಅಂತ ಹೆಣಿಗೆ ಇತಿಹಾಸಕಾರರು ತೋರಿಸೋದು 1562ರಲ್ಲಿ ತೀರಿಕೊಂಡ, ಫ್ಲಾರೆನ್ಸ್‌ನ ಎಲಿಯೊನೊರಾ ಆಫ್ ಟೊಲೆಡೊ ಅವರ ಸಮಾಧಿಯಲ್ಲಿ ಸಿಕ್ಕ ಕಾಲುಚೀಲ. ಕ್ರಿ.ಶ. 800ರ ಸನ್ಯಾಸಿ ಆರನ್ ಸ್ವೆಟರ್ ಹಾಕೋದು ಹೇಗೆ ಸಾಧ್ಯ?

ಆದರೆ ಜನಕ್ಕೆ ಕೀವೆಯ ಕಥೆ ಬೇಕಿತ್ತು. 1922ರಲ್ಲಿ ಐರ್ಲೆಂಡಿನ ಬಹುಭಾಗ ಬ್ರಿಟಿಷರಿಂದ ಬೇರೆಯಾಗಿತ್ತು. ಹೊಸ ದೇಶಕ್ಕೆ ತನ್ನದೇ ಆದ ಹಳೆಯ ಬೇರು ಬೇಕು. ಐರಿಷ್ ಭಾಷೆ ಉಳಿಸಿಕೊಂಡಿದ್ದ ಪಶ್ಚಿಮದ ದ್ವೀಪಗಳು ಆ ಬೇರಿನ ಹಾಗೆ ಕಂಡವು. 1934ರಲ್ಲಿ ರಾಬರ್ಟ್ ಫ್ಲಾಹರ್ಟಿ ‘ಮ್ಯಾನ್ ಆಫ್ ಆರನ್’ ಚಿತ್ರ ಮಾಡಿದಾಗಲೂ ಹೀಗೇ ಆಯಿತು. ಅದರಲ್ಲಿ ರೋಚಕವಾದ ಶಾರ್ಕ್ ಬೇಟೆ ಇದೆ. ನಿಜ ಏನಂದ್ರೆ ಆ ಬೇಟೆ ದ್ವೀಪದಲ್ಲಿ ದಶಕಗಳ ಹಿಂದೆಯೇ ನಿಂತುಹೋಗಿತ್ತು, ಸಿನಿಮಾಗೋಸ್ಕರ ದ್ವೀಪದವರಿಗೆ ಹೊಸದಾಗಿ ಕಲಿಸಬೇಕಾಯಿತು. ಅದರಲ್ಲಿ ತೋರಿಸಿದ ಕುಟುಂಬವೂ ನಿಜವಾದ ಕುಟುಂಬ ಅಲ್ಲ.

ಟಿವಿಯಲ್ಲಿ ನಾಲ್ಕು ಸ್ವೆಟರ್

1940ರ ದಶಕದಿಂದ ಆರನ್ ವಿನ್ಯಾಸಗಳು ಅಚ್ಚಾಗತೊಡಗಿದವು. ಆದರೆ ಜಗತ್ತಿನ ಕಣ್ಣಿಗೆ ಬಿದ್ದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್‌ನಲ್ಲಿ ಐರಿಷ್ ಜಾನಪದ ಹಾಡ್ತಿದ್ದ ಕ್ಲಾನ್ಸಿ ಬ್ರದರ್ಸ್ ಮತ್ತು ಟಾಮಿ ಮೇಕಮ್ ತಂಡ. ಅಲ್ಲಿ ಚಳಿ ವಿಪರೀತ ಅಂತ ಕೇಳಿ ಕ್ಲಾನ್ಸಿಗಳ ತಾಯಿ ಐರ್ಲೆಂಡಿನಿಂದ ಸ್ವೆಟರ್ ಕಳಿಸಿದರು. ತಂಡದ ಮ್ಯಾನೇಜರ್ ಅದನ್ನು ನೋಡಿ, ಇದೇ ನಿಮ್ಮ ವೇದಿಕೆಯ ಉಡುಪು ಅಂದ. 1961ರ ಮಾರ್ಚ್ 12ರಂದು ಅವರು ಎಡ್ ಸಲ್ಲಿವನ್ ಶೋನಲ್ಲಿ ಹಾಡಿದರು. ಐರಿಷ್ ಮೂಲದ ಜಾನ್ ಎಫ್. ಕೆನಡಿ ಅಧ್ಯಕ್ಷರಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಮೆರಿಕದಲ್ಲಿದ್ದ ಐರಿಷ್ ಮೊಮ್ಮಕ್ಕಳಿಗೆಲ್ಲ ಆ ಸ್ವೆಟರ್ ಬೇಕಾಯಿತು.

ಬೇಡಿಕೆ ಹೇಗೆ ಏರಿತು ಅಂದ್ರೆ, ಮೂರು ದ್ವೀಪದ ಹೆಂಗಸರು ಹೆಣೆದು ಪೂರೈಸೋಕೆ ಆಗಲೇ ಇಲ್ಲ. ಡೊನೆಗಲ್, ಮೇಯೋ ಕಡೆಯ ಮನೆಮನೆಗಳಲ್ಲಿ ಹೆಣೆದರು. ಮಾರೋದಕ್ಕೆ ಕಥೆಯೂ ಬೇಕಿತ್ತು. ಅಜ್ಜನ ಊರಿನ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಅಮೆರಿಕನ್ನನಿಗೆ, ಇದು ನಿಮ್ಮ ಮನೆತನದ ವಿನ್ಯಾಸ ಅಂದರೆ ಅವನು ಚೌಕಾಸಿ ಮಾಡ್ತಾನಾ? ಇವತ್ತಿಗೂ ಅಡ್ಡಹೆಸರು ಹಾಕಿದರೆ ಮನೆತನದ ಸ್ವೆಟರ್ ತೋರಿಸುವ ವೆಬ್‌ಸೈಟ್‌ಗಳು ಇವೆ.

ಈಗ ಹೆಚ್ಚಿನವು ಯಂತ್ರದಲ್ಲಿ ತಯಾರಾಗುತ್ತವೆ. ಎಷ್ಟೋ ಸ್ವೆಟರ್‌ಗಳ ಉಣ್ಣೆ ಹೊರದೇಶದ ಮೆರಿನೋ ಕುರಿಯದು. ದ್ವೀಪದಲ್ಲೇ ಉಳಿದ ಉದ್ಯಮವೂ ಇದೆ. 1976ರಲ್ಲಿ ಶುರುವಾದ ಇನಿಶ್ ಮಾನ್‌ನ ಹೆಣಿಗೆ ಕಂಪನಿ ಜಗತ್ತಿನ ದುಬಾರಿ ಅಂಗಡಿಗಳಿಗೆ ಸರಕು ಕಳಿಸುತ್ತೆ. 2017ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಜಗತ್ತನ್ನು ಬದಲಿಸಿದ ಉಡುಪುಗಳ ಪ್ರದರ್ಶನ ಇಟ್ಟಾಗ ಆರನ್ ಸ್ವೆಟರ್‌ಗೂ ಜಾಗ ಸಿಕ್ಕಿತು.

ಯಾರ ಸ್ವೆಟರ್ ಇದು?

ಈಗ ನೀವು ಕೇಳಬಹುದು: ಕಥೆ ಸುಳ್ಳಾದರೆ ಏನಾಯ್ತು, ಸ್ವೆಟರ್ ಬೆಚ್ಚಗಿದ್ದರೆ ಸಾಲದಾ? ಅಷ್ಟಕ್ಕೂ ಯಾರಿಗೆ ನಷ್ಟ?

ನನಗೆ ಅನ್ನಿಸೋದು, ನಷ್ಟ ಇದೆ. ಇದು ಸಾವಿರ ವರ್ಷದ ಪರಂಪರೆ ಅಂದ ತಕ್ಷಣ, ಇದನ್ನು ಯಾರೂ ಕಂಡುಹಿಡಿದಿಲ್ಲ, ಇದು ತಾನಾಗಿ ಬಂದದ್ದು ಅಂತ ಆಗಿಬಿಡುತ್ತೆ. ಹೆಂಗಸರು ಅಜ್ಜಿಯಿಂದ ಬಂದದ್ದನ್ನು ಸುಮ್ಮನೆ ಮುಂದಕ್ಕೆ ದಾಟಿಸುವವರು ಅಂತ ಆಗುತ್ತೆ. ಮೀನುಗಾರನ ಸ್ವೆಟರ್ ಅಂದಾಗ ಹೆಸರು ಹಾಕಿಕೊಂಡವನಿಗೆ ಹೋಯಿತು, ಹೆಣೆದವಳಿಗೆ ಅಲ್ಲ. ಪವಿತ್ರ ಸಂಕೇತ ಅಂದಾಗ ಕೀರ್ತಿ ಸನ್ಯಾಸಿಗಳಿಗೆ ಹೋಯಿತು. ಮನೆತನದ ವಿನ್ಯಾಸ ಅಂದಾಗ ಅದು ಗಂಡಸರ ವಂಶಕ್ಕೆ ಹೋಯಿತು. ಎಲ್ಲರಿಗೂ ಪಾಲು ಸಿಕ್ಕಿತು, ಮಾಡಿದವಳೊಬ್ಬಳನ್ನು ಬಿಟ್ಟು.

ನಿಜ ಕಥೆಯಲ್ಲಿ ಅವಳು ಕಾಣ್ತಾಳೆ. ಬಂಡೆಯ ಮೇಲೆ ಮಣ್ಣು ಮಾಡಿಕೊಂಡು ಬದುಕಿದ ದ್ವೀಪದಲ್ಲಿ, ಹೊರಗಿನಿಂದ ಬಂದ ಒಂದು ಸಾಮಾನ್ಯ ಜೆರ್ಸಿಯನ್ನು ನೋಡಿ, ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು ಅಂದುಕೊಂಡವಳು. ಮಗನ ಹಬ್ಬಕ್ಕೆ ಹೆಣೆದಳು, ಪಕ್ಕದ ಮನೆಯವಳಿಗಿಂತ ಒಂದು ಕೇಬಲ್ ಜಾಸ್ತಿ ಹಾಕಿದಳು, ಆಮೇಲೆ ಮಾರಿ ಮನೆ ನಡೆಸಿದಳು. ಒಂದೆರಡು ತಲೆಮಾರಿನ ಒಳಗೆ ಅವಳಂಥವರು ಸೇರಿ ಜಗತ್ತೇ ಗುರುತಿಸುವ ವಿನ್ಯಾಸ ಕಟ್ಟಿದರು. ಹೆಸರು ಯಾರೂ ಬರೆದಿಡಲಿಲ್ಲ. ಸಾವಿರ ವರ್ಷದ ಕಥೆಗಿಂತ ಇದೇ ನನಗೆ ದೊಡ್ಡ ಕಥೆ.

ಹಾಗಾಗಿ ಮುಂದಿನ ಸಲ ಯಾವುದಾದರೂ ವಸ್ತುವಿನ ಮೇಲೆ ಪ್ರಾಚೀನ, ಪಾರಂಪರಿಕ ಅನ್ನೋ ಚೀಟಿ ಕಂಡರೆ ಎರಡು ಪ್ರಶ್ನೆ ಕೇಳಿ. ಎಷ್ಟು ಹಳೆಯದು ಅನ್ನೋದು ಒಂದು. ಮಾಡಿದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಅನ್ನೋದು ಇನ್ನೊಂದು. ಎರಡನೆಯದು ಸ್ವಲ್ಪ ಜಾಸ್ತಿ ಮುಖ್ಯ.

ಇವತ್ತಿಗೆ ಇಷ್ಟು. ಹೆಣಿಗೆ ಬರುವ ಅಮ್ಮನೋ ಅಜ್ಜಿಯೋ ನಿಮ್ಮ ಮನೆಯಲ್ಲಿದ್ದರೆ ಈ ಸಂಚಿಕೆ ಅವರಿಗೂ ಕೇಳಿಸಿ. ಕೇಬಲ್ ಹಾಕೋದನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಅವರು ತೋರಿಸಿಕೊಡ್ತಾರೆ.